ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾಷಾವಿಜ್ಞಾನ ಓದಿದರೆ ಎಷ್ಟು ಭಾಷೆ ಬರುತ್ತದೆ?

ಓದಿದ್ದರಿಂದಲೇ ಒಂದೂ ಬರುವುದಿಲ್ಲ. ನೀವು ಎಂದೂ ಕೇಳಿರದ ಭಾಷೆಯ ಇಪ್ಪತ್ತು ವಾಕ್ಯ ಕೊಟ್ಟು, ಇದರಲ್ಲಿ ಭೂತಕಾಲದ ಪ್ರತ್ಯಯ ಯಾವುದು, ಅದು ಎಲ್ಲೆಲ್ಲಿ ರೂಪ ಬದಲಿಸುತ್ತದೆ, ಏಕೆ ಎಂದು ಕೇಳುತ್ತಾರೆ. ಆ ಭಾಷೆಯಲ್ಲಿ ನೀರು ಕೇಳಲೂ ಬಾರದವರು ಪೂರ್ತಿ ಅಂಕ ತೆಗೆಯಬಹುದು, ನಿರರ್ಗಳವಾಗಿ ಮಾತಾಡುವವರು ಸೊನ್ನೆ ತೆಗೆಯಬಹುದು. ಜಗತ್ತಿನಲ್ಲಿ ಸುಮಾರು ಏಳು ಸಾವಿರ ಭಾಷೆಗಳಿವೆ. ಅವುಗಳಲ್ಲಿ ಯಾವುದನ್ನು ಮುಂದಿಟ್ಟರೂ ಬಿಡಿಸಿ ನೋಡುವ ವಿಧಾನವೇ ಇಲ್ಲಿನ ಪಾಠ. ಹಲವು ವಿಭಾಗಗಳು ಪರಿಚಯವಿಲ್ಲದ ಒಂದು ಭಾಷೆಯನ್ನು ಒಂದೆರಡು ಸೆಮಿಸ್ಟರ್ ಕಲಿಯಲೇಬೇಕು ಎನ್ನುತ್ತವೆ. ಅದು ಬೇರೆ ಮಾತು.

ಶಾಲೆಯಲ್ಲಿ ಕಲಿತ ವ್ಯಾಕರಣಕ್ಕೂ ಇದಕ್ಕೂ ಏನು ವ್ಯತ್ಯಾಸ?

ಶಾಲೆಯ ವ್ಯಾಕರಣ ಹೇಗೆ ಬರೆಯಬೇಕು ಎಂದು ಹೇಳುತ್ತದೆ. ಭಾಷಾವಿಜ್ಞಾನ ಜನ ಹೇಗೆ ಮಾತಾಡುತ್ತಾರೋ ಅದನ್ನೇ ದತ್ತಾಂಶವೆಂದು ಹಿಡಿಯುತ್ತದೆ. 'ಬಂದಿದ್ದಾನೆ', 'ಬಂದವ್ನೆ', 'ಬಂದಾನ' ಈ ಮೂರನ್ನೂ ತೆಗೆದುಕೊಳ್ಳಿ. ಪಠ್ಯಪುಸ್ತಕಕ್ಕೆ ಮೊದಲನೆಯದು ಮಾತ್ರ ಸರಿ. ಆದರೆ ಬಂದವ್ನೆ, ಬಂದವ್ಳೆ, ಬಂದವ್ರೆ ಎಂದು ಸಾಲಾಗಿ ಬರೆದು ನೋಡಿದರೆ ಲಿಂಗ ವಚನಗಳು ಅಚ್ಚುಕಟ್ಟಾಗಿ ಕೂತಿವೆ. ಬಂದಾನ, ಬಂದಾಳ, ಬಂದಾರ ಕೂಡ ಹಾಗೆಯೇ. ನಿಯಮವಿಲ್ಲದ ಉಪಭಾಷೆ ಎಂಬುದಿಲ್ಲ. ಮೊದಲ ತಿಂಗಳಲ್ಲಿ ಇದನ್ನು ಒಪ್ಪಲು ಹೆಚ್ಚು ಕಷ್ಟಪಡುವವರು ಚೆನ್ನಾಗಿ ಬರೆಯಬಲ್ಲವರೇ.

ಹಾಗೆಂದು ಹಳೆಯ ವೈಯಾಕರಣರನ್ನು ಬದಿಗೆ ಸರಿಸಬೇಕಿಲ್ಲ. ಪಾಣಿನಿಯ ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ನಿಯಮಗಳನ್ನು ಕ್ರಮವಾಗಿ ಹೂಡುವ ರೀತಿ ಇಂದಿಗೂ ಧ್ವನಿಮಾ ವಿಜ್ಞಾನದ (ಒಂದು ಭಾಷೆಯೊಳಗೆ ಧ್ವನಿಗಳು ಯಾವ ನಿಯಮದಂತೆ ನಡೆಯುತ್ತವೆ ಎಂಬ ಅಧ್ಯಯನ) ತರಗತಿಯಲ್ಲಿ ಚರ್ಚೆಗೆ ಬರುತ್ತದೆ. 'ಸಂಧಿ' ಎಂಬ ಪದವನ್ನು ಸಂಸ್ಕೃತದ ಗಂಧವಿಲ್ಲದ ಪುಸ್ತಕಗಳಲ್ಲೂ ಹಾಗೇ ಬಳಸುತ್ತಾರೆ.

ಮೊದಲ ವರ್ಷ ಏನೇನಿರುತ್ತದೆ?

ಧ್ವನಿವಿಜ್ಞಾನ (ಧ್ವನಿ ಹುಟ್ಟುವ ಬಗೆ), ಧ್ವನಿಮಾ ವಿಜ್ಞಾನ, ಆಕೃತಿಮಾ ವಿಜ್ಞಾನ (ಪದದ ಒಳರಚನೆ), ವಾಕ್ಯವಿಜ್ಞಾನ, ಅರ್ಥವಿಜ್ಞಾನ. ಇವು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಸಮಾಜ ಭಾಷಾವಿಜ್ಞಾನ, ಐತಿಹಾಸಿಕ ಭಾಷಾವಿಜ್ಞಾನ, ಮನೋಭಾಷಾವಿಜ್ಞಾನ, ಗಣಕ ಭಾಷಾವಿಜ್ಞಾನ ಆಮೇಲೆ ಬರುತ್ತವೆ. ವಾರಕ್ಕೊಂದು ಸಮಸ್ಯೆ ಬಿಡಿಸಿ ಕೊಡುವುದು ಸಾಮಾನ್ಯ. ಪರೀಕ್ಷೆಯ ಹಿಂದಿನ ವಾರ ಕೂತು ಓದುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಮೂರನೆಯ ವಾರದ ಸಮಸ್ಯೆ ಕೈಗೆ ಹತ್ತದಿದ್ದರೆ ಆರನೆಯ ವಾರದ್ದು ಅರ್ಥವೇ ಆಗುವುದಿಲ್ಲ.

ಧ್ವನಿವಿಜ್ಞಾನದಲ್ಲಿ ಎಡವುವುದು ಎಲ್ಲಿ?

ಅಕ್ಷರವನ್ನೇ ಧ್ವನಿ ಎಂದುಕೊಳ್ಳುವುದರಲ್ಲಿ. ನಮ್ಮ ಲಿಪಿ ಉಚ್ಚಾರಕ್ಕೆ ಹತ್ತಿರವಿರುವುದರಿಂದಲೇ ಈ ತಪ್ಪು ಕನ್ನಡಿಗರಲ್ಲಿ ಜಾಸ್ತಿ. ಅಂಗಡಿ, ಅಂಚು, ಅಂಟು, ಅಂದ, ಅಂಬು ಎಂಬಲ್ಲಿ ಬರೆಯುವುದು ಒಂದೇ ಸೊನ್ನೆ. ನಿಧಾನವಾಗಿ ಹೇಳುತ್ತ ನಾಲಿಗೆ, ತುಟಿ ಎಲ್ಲಿ ತಾಗುತ್ತವೆ ಗಮನಿಸಿ: ಙ, ಞ, ಣ, ನ, ಮ ಎಂದು ಐದು ಬೇರೆ ಧ್ವನಿಗಳು. ಇದರ ತಿರುಗುಮುರುಗು ತಪ್ಪೂ ಇದೆ. ಬರಹದಲ್ಲಿ ಮಹಾಪ್ರಾಣವಿದೆ ಎಂದು ಲಿಪ್ಯಂತರದಲ್ಲೂ (ಕೇಳಿದ ಮಾತನ್ನು ಧ್ವನಿಚಿಹ್ನೆಗಳಲ್ಲಿ ಬರೆಯುವಾಗ) ಹಾಕಿಬಿಡುವುದು. ಮಾತಾಡಿದವರು 'ದನಿ' ಎಂದಿದ್ದರೆ 'ಧ್ವನಿ' ಎಂದು ತಿದ್ದುವ ಹಕ್ಕು ನಿಮಗಿಲ್ಲ.

ಲಿಪ್ಯಂತರಕ್ಕೆ ಅಂತರರಾಷ್ಟ್ರೀಯ ಧ್ವನಿ ಲಿಪಿ ಬಳಸುತ್ತಾರೆ. ಅದನ್ನು ರೂಪಿಸಿದ ಸಂಘ 1886ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿತು. ಅದರ ಚಿಹ್ನೆಗಳ ಚಾರ್ಟನ್ನು ಕಣ್ಣಿನಿಂದ ಬಾಯಿಪಾಠ ಮಾಡಿದರೆ ಉಪಯೋಗವಿಲ್ಲ. ದಿನಕ್ಕೆ ನಾಲ್ಕೈದು ಚಿಹ್ನೆಗಳಂತೆ, ಪ್ರತಿಯೊಂದನ್ನೂ ಕೇಳಿ, ಹೇಳಿ, ರೆಕಾರ್ಡ್ ಮಾಡಿ ಹೋಲಿಸಿ. ವ್ಯಂಜನಗಳ ಅಡ್ಡಸಾಲು ಉಚ್ಚಾರಣೆಯ ರೀತಿ, ಉದ್ದಸಾಲು ಉಚ್ಚಾರಣೆಯ ಸ್ಥಾನ. ಕ, ಚ, ಟ, ತ, ಪ ವರ್ಗಗಳನ್ನು ಬಲ್ಲವರಿಗೆ ಅರ್ಧ ಚಾರ್ಟ್ ಆಗಲೇ ಗೊತ್ತಿದ್ದಂತೆ. ತಲೆನೋವು ಸ್ವರಗಳದ್ದು, ಏಕೆಂದರೆ ಅಲ್ಲಿ ನಾಲಿಗೆ ಎಲ್ಲಿಗೂ ತಾಗುವುದಿಲ್ಲ.

ಧ್ವನಿಯನ್ನು ಅಳೆಯುವುದು ಹೇಗೆ? ಯಾವ ತಂತ್ರಾಂಶ?

ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೀನಿಂಕ್ ರೂಪಿಸಿದ 'ಪ್ರಾಟ್'. ಉಚಿತ. ನೋಡಲು ಹಳೆಯ ಕಾಲದ್ದು, ಕೆಲಸಕ್ಕೆ ಗಟ್ಟಿ. ರೆಕಾರ್ಡಿಂಗ್ 44.1 ಕಿಲೋಹರ್ಟ್ಸ್, 16 ಬಿಟ್ ವೇವ್ ಫೈಲ್ ಆಗಿರಲಿ. ಎಂಪಿ3 ಬೇಡ. ಕಿವಿಗೆ ಕೇಳಿಸದ ಭಾಗವೆಂದು ಅದು ಕಿತ್ತುಹಾಕುವ ಮಾಹಿತಿ ಅಳತೆಗೆ ಬೇಕಾದದ್ದೇ ಆಗಿರಬಹುದು.

ಮೊದಲು ಅಳೆಸುವುದು ಸಾಮಾನ್ಯವಾಗಿ ಸ್ಪರ್ಶ ವ್ಯಂಜನಗಳಲ್ಲಿ ತುಟಿ ಅಥವಾ ನಾಲಿಗೆ ಬಿಟ್ಟ ಕ್ಷಣಕ್ಕೂ ನಾದ (ಗಂಟಲಿನ ಕಂಪನ) ಶುರುವಾಗುವ ಕ್ಷಣಕ್ಕೂ ಇರುವ ಅಂತರ. ಕನ್ನಡದ 'ಪ'ದಲ್ಲಿ ಅದು ಸುಮಾರು 10ರಿಂದ 20 ಮಿಲಿಸೆಕೆಂಡ್. 'ಬ'ದಲ್ಲಿ ತುಟಿ ತೆರೆಯುವ ಮೊದಲೇ ನಾದ ಶುರುವಾಗಿರುತ್ತದೆ, ಹಾಗಾಗಿ ಸಂಖ್ಯೆ ಋಣಾತ್ಮಕ. ಇಂಗ್ಲಿಷ್ ಮಾತೃಭಾಷೆಯವರ ಪದಾರಂಭದ 'ಪ' 50-60 ಮಿಲಿಸೆಕೆಂಡ್‌ವರೆಗೆ ಹೋಗುತ್ತದೆ. ನಮ್ಮ ಕಿವಿಗೆ ಅದು ಮಹಾಪ್ರಾಣದಂತೆ ಕೇಳುವುದು ಇದಕ್ಕೇ.

ಸ್ವರಗಳಿಗೆ ಫಾರ್ಮೆಂಟ್, ಅಂದರೆ ಬಾಯಿಯ ಆಕಾರಕ್ಕೆ ತಕ್ಕಂತೆ ಬಲಗೊಳ್ಳುವ ಆವರ್ತನಗಳನ್ನು, ಅಳೆಯಬೇಕು. ಮೊದಲನೆಯ ಫಾರ್ಮೆಂಟ್ ಬಾಯಿ ಎಷ್ಟು ತೆರೆದಿದೆ ಎಂದು ಹೇಳುತ್ತದೆ: ವಯಸ್ಕ ಗಂಡಸಿನ 'ಈ'ಗೆ 300 ಹರ್ಟ್ಸ್ ಆಸುಪಾಸು, 'ಆ'ಗೆ 700 ಆಸುಪಾಸು. ಎರಡನೆಯದು ನಾಲಿಗೆ ಮುಂದಿದೆಯೋ ಹಿಂದಿದೆಯೋ ಎಂಬುದನ್ನು. ಹೆಚ್ಚಿನವರು ಕೆಡುವುದು ಸೆಟ್ಟಿಂಗ್‌ನಲ್ಲಿ. ಫಾರ್ಮೆಂಟ್ ಹುಡುಕುವ ಮೇಲ್ಮಿತಿ ಹೆಣ್ಣು ದನಿಗೆ 5500, ಗಂಡು ದನಿಗೆ 5000 ಹರ್ಟ್ಸ್ ಎಂಬುದು ರೂಢಿ. ಒಬ್ಬರಿಗೆ ಇಟ್ಟದ್ದನ್ನು ಎಲ್ಲರಿಗೂ ಬಿಟ್ಟರೆ ತಂತ್ರಾಂಶ ಇಲ್ಲದ ಫಾರ್ಮೆಂಟನ್ನು ಕಂಡುಹಿಡಿಯುತ್ತದೆ, ಇರುವುದನ್ನು ನುಂಗುತ್ತದೆ. 'ಊ'ನ ಎರಡನೆಯ ಫಾರ್ಮೆಂಟ್ 2300 ಎಂದು ಬಂದರೆ ಹೊಸ ಸಂಶೋಧನೆಯೆಂದು ಹಿಗ್ಗಬೇಡಿ, ಸೆಟ್ಟಿಂಗ್ ನೋಡಿ.

ಸಮಸ್ಯೆ ಬಿಡಿಸುವುದು ಎಂದರೆ ನಿಜವಾಗಿ ಏನು ಮಾಡಬೇಕು?

ಇದೇ ಈ ವಿಷಯದ ಜೀವಾಳ, ಹಾಗಾಗಿ ಒಂದನ್ನು ಪೂರ್ತಿ ಬಿಡಿಸೋಣ. ದತ್ತಾಂಶ ಹೀಗಿದೆ:

ಊರು – ಊರಿಗೆ, ಕಾಲು – ಕಾಲಿಗೆ, ಕಲ್ಲು – ಕಲ್ಲಿಗೆ, ಹೆಸರು – ಹೆಸರಿಗೆ
ಗುರು – ಗುರುವಿಗೆ, ಹಸು – ಹಸುವಿಗೆ, ಮಗು – ಮಗುವಿಗೆ, ಕರು – ಕರುವಿಗೆ

ಎಲ್ಲವೂ ಉಕಾರದಲ್ಲಿ ಮುಗಿಯುತ್ತವೆ. ಮೊದಲ ಸಾಲಿನಲ್ಲಿ ಉಕಾರ ಬಿದ್ದುಹೋಗುತ್ತದೆ, ಎರಡನೆಯದರಲ್ಲಿ ಉಳಿದು ನಡುವೆ ವಕಾರ ಬರುತ್ತದೆ. ಏಕೆ?

ಮೊದಲ ಊಹೆ ಥಟ್ಟನೆ ಹೊಳೆಯುತ್ತದೆ: ಎರಡನೆಯ ಸಾಲಿನಲ್ಲಿರುವುದೆಲ್ಲ ಜೀವವಿರುವವು. ತರಗತಿಯ ಅರ್ಧ ಜನ ಇಷ್ಟಕ್ಕೇ ಪೆನ್ನು ಕೆಳಗಿಡುತ್ತಾರೆ. ಊಹೆ ಬಂದಾಗ ಮಾಡಬೇಕಾದ್ದು ಅದನ್ನು ಮುರಿಯುವ ಪದ ಹುಡುಕುವುದು. ಮೀನು – ಮೀನಿಗೆ. ಜೀವವಿದೆ, ಉಕಾರ ಬಿತ್ತು. ಮಡು – ಮಡುವಿಗೆ. ಜೀವವಿಲ್ಲ, ಉಕಾರ ಉಳಿಯಿತು. ಊಹೆ ಸತ್ತಿತು.

ಎರಡನೆಯ ಊಹೆ: ಗುರು, ಹಸು, ಮಗು, ಕರು, ಮಡು ಎಲ್ಲದರಲ್ಲೂ ಎರಡು ಹ್ರಸ್ವಾಕ್ಷರಗಳಷ್ಟೇ. ಉಳಿದವುಗಳಲ್ಲಿ ದೀರ್ಘವೋ ಒತ್ತಕ್ಷರವೋ ಮೂರನೆಯ ಅಕ್ಷರವೋ ಇದೆ. ಇದು ಚೆನ್ನಾಗಿ ಕೂರುತ್ತದೆ, 'ವಸ್ತು – ವಸ್ತುವಿಗೆ', 'ಸಾಧು – ಸಾಧುವಿಗೆ' ಬರುವ ತನಕ. ಸಂಸ್ಕೃತದ ಪದಗಳು ಎಂದು ಹೊರಗಿಡಬಹುದೇ? ಹೊರಗಿಟ್ಟರೆ 'ಬಸ್ಸು – ಬಸ್ಸಿಗೆ' ಯಾಕೆ ನಿಯಮ ಪಾಲಿಸುತ್ತದೆ? ಅದೂ ಎರವಲೇ.

ಇಲ್ಲಿ ಕೀಲಿ ಸಿಗುತ್ತದೆ. ಬಸ್, ಕಾರ್ ಎಂಬವು ವ್ಯಂಜನದಲ್ಲಿ ಮುಗಿಯುತ್ತವೆ, ಕೊನೆಯ ಉಕಾರ ಕನ್ನಡ ಸೇರಿಸಿದ್ದು. ಹಳಗನ್ನಡದಲ್ಲಿ ಊರ್, ಕಾಲ್, ಕಲ್, ಮೀನ್ ಎಂದೇ ಇದ್ದವು. ಅಲ್ಲೂ ಉಕಾರ ಆಮೇಲೆ ಬಂದದ್ದು. ವಸ್ತು, ಸಾಧು, ಗುರು, ಮಗುಗಳಲ್ಲಿ ಉಕಾರ ಪದದ ಸ್ವಂತದ್ದು. ಸೇರಿಸಿದ್ದು ಪ್ರತ್ಯಯ ಬಂದೊಡನೆ ಬೇಡವಾಗುತ್ತದೆ, ಸ್ವಂತದ್ದು ಉಳಿಯುತ್ತದೆ. ಹಾಗಾದರೆ ಎರಡನೆಯ ಊಹೆ ಅಷ್ಟು ಚೆನ್ನಾಗಿ ಕೂತದ್ದು ಹೇಗೆ? ಹ್ರಸ್ವ ಸ್ವರದ ಒಂಟಿ ಅಕ್ಷರಕ್ಕೆ ಉಕಾರ ಸೇರುವಾಗ ವ್ಯಂಜನ ಇಮ್ಮಡಿಸುತ್ತದೆ: ಕಲ್ ಇದ್ದದ್ದು ಕಲ್ಲು, ಬಸ್ ಇದ್ದದ್ದು ಬಸ್ಸು. ಹಾಗಾಗಿ ಇಮ್ಮಡಿಸದ 'ಮಗು' ಎಂಬ ರೂಪ 'ಮಗ್'ನಿಂದ ಬಂದಿರಲಾರದು. ನೀರು ಕುಡಿಯುವ 'ಮಗ್' ಕನ್ನಡಕ್ಕೆ ಬಂದು 'ಮಗ್ಗು' ಆಗಿದೆ, 'ಮಗ್ಗಿಗೆ' ಎನ್ನುತ್ತೇವೆ. ಮಗುವಿಗೆ, ಮಗ್ಗಿಗೆ: ಎರಡನ್ನೂ ಅಕ್ಕಪಕ್ಕ ಇಟ್ಟರೆ ವಾದ ಮುಗಿಯಿತು.

ಅಂಕ ಸಿಗುವುದು ಕೊನೆಯ ವಾಕ್ಯಕ್ಕಲ್ಲ. ಯಾವ ಊಹೆ ಮಾಡಿದಿರಿ, ಯಾವ ಪದ ಅದನ್ನು ಕೆಡವಿತು, ಉಳಿದದ್ದು ಏನನ್ನು ಮುಂಗಾಣುತ್ತದೆ ಎಂಬುದಕ್ಕೆ. ಸರಿಯುತ್ತರವನ್ನು ವಾದವಿಲ್ಲದೆ ಬರೆದವರಿಗಿಂತ ತಪ್ಪುತ್ತರವನ್ನು ಒಳ್ಳೆಯ ವಾದದೊಂದಿಗೆ ಬರೆದವರಿಗೆ ಹೆಚ್ಚು ಅಂಕ ಬರುವುದು ಇಲ್ಲಿ ಅಪರೂಪವೇನಲ್ಲ.

ವಾಕ್ಯವಿಜ್ಞಾನದಲ್ಲಿ ಮರದ ಚಿತ್ರಗಳನ್ನು ಬರೆಸುತ್ತಾರಂತೆ. ಅದರಿಂದ ಏನು ಪ್ರಯೋಜನ?

'ಹಳೆಯ ಮನೆಯ ಬಾಗಿಲು' ಎಂದರೆ ಹಳೆಯದು ಮನೆಯೋ ಬಾಗಿಲೋ? ಪದಗಳ ಸಾಲು ಒಂದೇ, ಅರ್ಥ ಎರಡು. ಹಾಗಿದ್ದ ಮೇಲೆ ಸಾಲಿನ ಹಿಂದೆ ಕಾಣದ ಗುಂಪುಗಾರಿಕೆ ಇದೆ. ಮರದ ಚಿತ್ರ ಅದನ್ನು ತೋರಿಸುತ್ತದೆ, ಅಷ್ಟೇ. ಕೊಂಬೆಗಳ ಹೆಸರನ್ನು ಬಾಯಿಪಾಠ ಮಾಡಿ ಚಂದದ ಮರ ಬರೆದು, ಈ ಎರಡು ಪದ ಏಕೆ ಒಂದು ಗುಂಪು ಎಂದು ಕೇಳಿದರೆ ತಡವರಿಸುವುದು ಸಾಮಾನ್ಯ ದೋಷ. ಗುಂಪೆಂದು ತೋರಿಸಲು ಪರೀಕ್ಷೆಗಳಿವೆ: ಅದರ ಬದಲಿಗೆ ಒಂದೇ ಸರ್ವನಾಮ ಹಾಕಬಹುದೇ, ಇಡಿಯಾಗಿ ಜಾಗ ಬದಲಿಸಬಹುದೇ, ಪ್ರಶ್ನೆಗೆ ಅದೊಂದೇ ಉತ್ತರವಾಗಬಲ್ಲದೇ.

1957ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಹೊಸ ದಾರಿ ಹಿಡಿದ ಮೇಲೆ, ಜನ ಆಡದ ವಾಕ್ಯಗಳೂ ದತ್ತಾಂಶವಾದವು. ಒಪ್ಪಿಗೆಯಾಗದ ವಾಕ್ಯದ ಮುಂದೆ ನಕ್ಷತ್ರ ಚಿಹ್ನೆ ಹಾಕುತ್ತಾರೆ. 'ತಾನು ಬರುತ್ತೇನೆ ಎಂದು ಅವನು ಹೇಳಿದ' ಸರಾಗವಾಗಿದೆ. ಅದರ ಒಳಗಿನ 'ತಾನು ಬರುತ್ತೇನೆ' ಮಾತ್ರ ಒಂಟಿಯಾಗಿ ನಿಲ್ಲುವುದಿಲ್ಲ, ನಕ್ಷತ್ರ ಬೀಳುತ್ತದೆ. ಕರ್ತೃ ಪ್ರಥಮ ಪುರುಷದ್ದು, ಕ್ರಿಯಾಪದ ಉತ್ತಮ ಪುರುಷದ್ದು, ಆದರೂ 'ಎಂದು' ಇದ್ದರೆ ಒಪ್ಪಿಗೆ. ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯಲ್ಲಿ ಇದಕ್ಕೆ ನೆಂಟತನವಿರುವ ಸಂಗತಿ ಇದೆ: ವರದಿ ಮಾಡುವ ವಾಕ್ಯದೊಳಗಿನ 'ನಾನು' ಹೇಳುತ್ತಿರುವವನನ್ನಲ್ಲದೆ ಯಾರ ಮಾತು ವರದಿಯಾಗುತ್ತಿದೆಯೋ ಅವನನ್ನು ಸೂಚಿಸಬಲ್ಲದು. ದಿನಾ ಆಡುವ ಒಂದು ಸಾಲಿನ ಮೇಲೆ ಇಡೀ ಪ್ರಬಂಧ ಬರೆಯಬಹುದು.

ಗಣಿತ ಬರಲೇಬೇಕೇ?

ಭಯಪಡುವಷ್ಟಿಲ್ಲ. ಅರ್ಥವಿಜ್ಞಾನಕ್ಕೆ ಗಣ ಸಿದ್ಧಾಂತದ ಮೊದಲ ಪಾಠಗಳು ಮತ್ತು ತರ್ಕ ಬೇಕು. 'ಎಲ್ಲರೂ ಬರಲಿಲ್ಲ' ಎಂದರೆ ಯಾರೂ ಬರಲಿಲ್ಲವೆಂದೋ, ಕೆಲವರು ಮಾತ್ರ ಬಂದರೆಂದೋ ಎಂಬುದನ್ನು ಖಚಿತವಾಗಿ ಬರೆದಿಡಲು ಅವು ಸಾಕು. ಪ್ರಯೋಗ ಮಾಡುವವರಿಗೆ ಸಂಖ್ಯಾಶಾಸ್ತ್ರ ತಪ್ಪದು. ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ: 20 ಜನರಿಂದ ತಲಾ 30 ಪದ ಹೇಳಿಸಿ, 600 ಸ್ವತಂತ್ರ ಅಳತೆಗಳಿವೆ ಎಂದು ಲೆಕ್ಕ ಹಾಕುವುದು. ಒಬ್ಬನೇ ಆಡಿದ 30 ಪದಗಳು ಒಂದನ್ನೊಂದು ಹೋಲುತ್ತವೆ. ವ್ಯಕ್ತಿ ಮತ್ತು ಪದ ಎರಡರಿಂದಲೂ ಬರುವ ಏರುಪೇರನ್ನು ಲೆಕ್ಕಕ್ಕೆ ಹಿಡಿಯುವ ಮಿಶ್ರ ಮಾದರಿಗಳನ್ನು ಅದಕ್ಕಾಗಿಯೇ ಬಳಸುತ್ತಾರೆ.

ಪ್ರೋಗ್ರಾಮಿಂಗ್?

ಕಲಿತರೆ ಲಾಭ. ಪೈಥಾನ್, ಅಂಕಿಅಂಶಕ್ಕೆ 'ಆರ್', ಇಷ್ಟಿದ್ದರೆ ಸಾಕು. ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರು ಯೂನಿಕೋಡ್ (ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಕೊಡುವ ಸಂಕೇತಗಳ ಪದ್ಧತಿ) ಅರಿತಿರಬೇಕು. 'ಕ್ಷ' ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರಿಗೆ ಮೂರು: ಕ, ವಿರಾಮ (ಅಕಾರ ತೆಗೆದು ಅರ್ಧಾಕ್ಷರ ಮಾಡುವ ಚಿಹ್ನೆ), ಷ. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರದಿದ್ದರೆ 'ಕೊಡು' ಹುಡುಕಿದಾಗ ಅರ್ಧ ಉದಾಹರಣೆಗಳು ಸದ್ದಿಲ್ಲದೆ ತಪ್ಪಿಹೋಗುತ್ತವೆ.

ಮಕ್ಕಳು ಭಾಷೆ ಕಲಿಯುವ ಬಗ್ಗೆ ಓದಬಹುದೇ?

ಖಂಡಿತ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಪ್ರಯೋಗವನ್ನು ನಮ್ಮವರು ವಿಶೇಷವಾಗಿ ಆಸ್ವಾದಿಸಬಹುದು. ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ದಂತ್ಯ 'ತ' ಮತ್ತು ಮೂರ್ಧನ್ಯ 'ಟ'ಗಳ ವ್ಯತ್ಯಾಸ ಗುರುತಿಸಿದವು. ಹತ್ತು ಹನ್ನೆರಡು ತಿಂಗಳ ಹೊತ್ತಿಗೆ ಬಹುಪಾಲು ಆ ಸಾಮರ್ಥ್ಯ ಕುಗ್ಗಿತ್ತು. ಸುತ್ತ ಕೇಳುವ ಭಾಷೆಗೆ ಬೇಡದ ಭೇದವನ್ನು ಮಗು ಮೊದಲ ಮಾತು ಆಡುವ ಹೊತ್ತಿಗಾಗಲೇ ಕೈಬಿಡತೊಡಗುತ್ತದೆ.

ಸಂಜ್ಞಾ ಭಾಷೆಗಳು ಇದರಲ್ಲಿ ಸೇರುತ್ತವೆಯೇ?

ಪೂರ್ತಿಯಾಗಿ. ಕೈಯ ಆಕಾರ, ಜಾಗ, ಚಲನೆಗಳೇ ಅಲ್ಲಿ ಧ್ವನಿಮಾಗಳ (ಪದದಿಂದ ಪದವನ್ನು ಬೇರ್ಪಡಿಸುವ ಧ್ವನಿಗಳ) ಕೆಲಸ ಮಾಡುತ್ತವೆ ಎಂದು ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಸ್ಟೋಕೀ 1960ರಲ್ಲೇ ತೋರಿಸಿದರು.

ಕ್ಷೇತ್ರಕಾರ್ಯಕ್ಕೆ ಹೋಗುವ ಮುನ್ನ ಏನು ಸಿದ್ಧವಿರಬೇಕು?

ಜನರನ್ನು ಒಳಗೊಂಡ ಸಂಶೋಧನೆಯನ್ನು ಪರಿಶೀಲಿಸುವ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಮೊದಲು. ಅದಿಲ್ಲದೆ ಕೂಡಿಟ್ಟ ದತ್ತಾಂಶವನ್ನು ಆಮೇಲೆ ಬಳಸಲು ಬಿಡದ ವಿಶ್ವವಿದ್ಯಾಲಯಗಳೇ ಹೆಚ್ಚು. ರೆಕಾರ್ಡಿಂಗ್ ಎಲ್ಲಿ ಇಡುತ್ತೀರಿ, ಯಾರು ಕೇಳುತ್ತಾರೆ, ಬೇಡವೆಂದರೆ ಅಳಿಸುತ್ತೀರಾ ಎಂಬುದನ್ನು ಮಾತಾಡುವವರಿಗೆ ಅವರ ಭಾಷೆಯಲ್ಲೇ ತಿಳಿಸಬೇಕು. ಮೈಕನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ಸ್ವಲ್ಪ ಓರೆಯಾಗಿ ಇಡಿ. ಎದುರಿಗಿದ್ದರೆ 'ಪ', 'ಫ'ಗಳ ಗಾಳಿ ಮೈಕಿಗೆ ಬಡಿದು ಅಳತೆ ಕೆಡುತ್ತದೆ. ಫ್ಯಾನ್ ಆರಿಸಿ.

ಪದಪಟ್ಟಿ ಓದಿಸುವಾಗ ಪ್ರತಿ ಪದವನ್ನೂ ಒಂದೇ ಚೌಕಟ್ಟಿನ ವಾಕ್ಯದಲ್ಲಿ ಹೇಳಿಸಿ, ಉದಾಹರಣೆಗೆ 'ಅವನು ... ಅಂದ'. ಬರೀ ಪಟ್ಟಿ ಓದಿದರೆ ಕೊನೆಯ ಪದಕ್ಕೆ ದನಿ ಇಳಿಯುತ್ತದೆ, ಸ್ವರ ಉದ್ದವಾಗುತ್ತದೆ. 'ನೀವು ಹೀಗೆ ಹೇಳುತ್ತೀರಾ?' ಎಂದು ಕೇಳಲೇಬೇಡಿ. ಅತಿಥಿಯ ಮನ ನೋಯಿಸಬಾರದೆಂದು ಹೌದು ಎಂದುಬಿಡುತ್ತಾರೆ. ಒಂದು ಸನ್ನಿವೇಶ ಹೇಳಿ, ಆಗ ಏನನ್ನುತ್ತೀರಿ ಎಂದು ಕೇಳಿ.

ಗಮನಿಸುತ್ತಿದ್ದಾರೆ ಎಂದು ಗೊತ್ತಾದೊಡನೆ ಜನ ಮಾತು ಬದಲಿಸುತ್ತಾರೆ ಎಂಬ ತೊಡಕನ್ನು ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಾಬೋವ್ ಜಾಣತನದಿಂದ ದಾಟಿದರು. 1962ರಲ್ಲಿ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಲ್ಲಿ, ನಾಲ್ಕನೆಯ ಮಹಡಿಯಲ್ಲಿದೆ ಎಂದು ಗೊತ್ತಿದ್ದ ಸರಕನ್ನು ಎಲ್ಲಿದೆ ಎಂದು ನೌಕರರನ್ನು ಕೇಳಿದರು. 'ಫೋರ್ತ್ ಫ್ಲೋರ್' ಎಂಬ ಉತ್ತರದಲ್ಲಿ, ಅಲ್ಲಿನ ಕೆಲವರು ನುಂಗುವ ರಕಾರ ಎರಡು ಸಲ ಬರಬೇಕು. ಕೇಳಿಸಲಿಲ್ಲವೆಂದು ನಟಿಸಿ ಮತ್ತೊಮ್ಮೆ ಹೇಳಿಸಿದರು. 264 ಜನರ ಉತ್ತರದಿಂದ, ಅಂಗಡಿಯ ಅಂತಸ್ತು ಏರಿದಂತೆ ರಕಾರವೂ ಏರುವುದು ಕಂಡಿತು. ಈಗ ಹೇಳದೆ ಕೇಳಿ ದಾಖಲಿಸಲು ನೈತಿಕ ಸಮಿತಿ ಅಷ್ಟು ಸುಲಭಕ್ಕೆ ಒಪ್ಪಲಾರದು.

ವೇಳೆಯ ಅಂದಾಜು ಎಲ್ಲರದೂ ತಪ್ಪುತ್ತದೆ. ಒಂದು ನಿಮಿಷದ ಮಾತನ್ನು ಲಿಪ್ಯಂತರಿಸಿ, ಪದ ಒಡೆದು, ಅರ್ಥ ಕೂಡಿಸಲು ಹೊಸಬರಿಗೆ ಅರ್ಧ ಗಂಟೆಗೂ ಮೇಲೆ ಹಿಡಿಯುತ್ತದೆ. ಹತ್ತು ಗಂಟೆ ರೆಕಾರ್ಡ್ ಮಾಡಿ ತಂದರೆ ಒಂದು ಸೆಮಿಸ್ಟರ್ ಅದರಲ್ಲೇ ಹೋಯಿತು.

ಭಾಷೆಗಳ ನೆಂಟತನವನ್ನು ಹೇಗೆ ಸಾಧಿಸುತ್ತಾರೆ? ಪದ ಹೋಲುವುದು ಸಾಲದೇ?

ಸಾಲದು. ಎರವಲಿನಿಂದಲೂ ಕಾಕತಾಳೀಯವಾಗಿಯೂ ಪದಗಳು ಹೋಲುತ್ತವೆ. ಬೇಕಾದ್ದು ಕ್ರಮಬದ್ಧ ಅನುರೂಪತೆ. ಕನ್ನಡದ ಹಾಲು, ಹುಲಿಗಳಿಗೆ ತೆಲುಗು ಪಾಲು, ಪುಲಿ ಎನ್ನುತ್ತದೆ, ತಮಿಳು ಪಾಲ್, ಪುಲಿ. ಹಳಗನ್ನಡದಲ್ಲೂ ಪಾಲ್, ಪುಲಿ. ಪದಾರಂಭದ ಪಕಾರ ಕನ್ನಡದಲ್ಲಿ ಹಕಾರವಾಯಿತು. ಮುಂದಿನ ಪ್ರಶ್ನೆ ಬದಲಾಗದವುಗಳದ್ದು. 'ಪುಸ್ತಕ' ಎರವಲು. ಆದರೆ ಹೊಂದುವುದು ಎಂಬ ಅರ್ಥದ 'ಪಡೆ'? ಅದು ಅಚ್ಚಗನ್ನಡ. ಅದರ ಜತೆಗೇ ಹೆರುವುದು ಎಂಬ ಅರ್ಥದ 'ಹಡೆ' ಕೂಡ ಇದೆ: ಒಂದೇ ಪದ ಎರಡಾಗಿ ಒಡೆದು, ಒಂದು ಕವಲು ಹಳೆಯ ರೂಪ ಉಳಿಸಿಕೊಂಡಿದೆ. ಇಂಥವನ್ನು ಅಪವಾದ ಎಂದು ಅಡಿಟಿಪ್ಪಣಿಗೆ ತಳ್ಳದೆ ಕೆದಕಿದವರೇ ಈ ಶಾಖೆಯಲ್ಲಿ ಮುಂದೆ ಹೋಗುತ್ತಾರೆ. ದ್ರಾವಿಡ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಬೇರೆಯೇ ಕುಟುಂಬ ಎಂದು ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲಿ ವಾದಿಸಿದರು, ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ವಿಸ್ತಾರವಾಗಿ ಸಾಧಿಸಿದರು.

ಪ್ರಬಂಧಕ್ಕೆ ವಿಷಯ ಆರಿಸುವುದು ಹೇಗೆ?

ಚಿಕ್ಕದನ್ನು ಆರಿಸಿ. 'ಕನ್ನಡದಲ್ಲಿ ಇಂಗ್ಲಿಷ್ ಪದಗಳು' ಎಂಬುದು ವಿಷಯವಲ್ಲ, ಊರು. ಇಂಗ್ಲಿಷ್ ಪದಕ್ಕೆ ಯಾವಾಗ '-ಇಸು' ಹತ್ತುತ್ತದೆ, ಯಾವಾಗ 'ಮಾಡು' ಎಂಬುದು ವಿಷಯ: 'ಫೋನಾಯಿಸು' ಇದೆ, 'ಫೋನ್ ಮಾಡು' ಇದೆ, 'ಡೌನ್‌ಲೋಡ್ ಮಾಡು' ಇದೆ, 'ಡೌನ್‌ಲೋಡಿಸು' ಎಂದರೆ ಕೆಲವರು ನಗುತ್ತಾರೆ. ಯಾರು ನಗುತ್ತಾರೆ ಎಂಬುದನ್ನೂ ಅಳೆಯಬಹುದು. ಪ್ರಶ್ನೆಪಟ್ಟಿಯನ್ನು ಮೊದಲು ನಾಲ್ಕೈದು ಜನರ ಮೇಲೆ ಪ್ರಯೋಗಿಸಿ. ಅವರಿಗೆ ಪ್ರಶ್ನೆಯೇ ಅರ್ಥವಾಗದಿರುವುದು ನೂರು ಜನರಿಗೆ ಕಳಿಸಿದ ಮೇಲೆ ತಿಳಿಯುವುದು ಬೇಡ. ನಿಮ್ಮ ಸ್ವಂತ ಕಿವಿಯೊಂದನ್ನೇ ಪ್ರಮಾಣವೆಂದು ಹಿಡಿಯಬೇಡಿ. ಒಂದೇ ವಾಕ್ಯವನ್ನು ಐವತ್ತು ಸಲ ಹೇಳಿಕೊಂಡರೆ ನಕ್ಷತ್ರ ಬೀಳಬೇಕಾದದ್ದೂ ಸರಿಯೆನಿಸುತ್ತದೆ.

ಚಾಟ್‌ಬಾಟ್‌ನಿಂದ ಸಮಸ್ಯೆ ಬಿಡಿಸಿಕೊಳ್ಳಬಹುದೇ?

ಅದು ಆಡುಭಾಷೆಯಲ್ಲಿಲ್ಲದ ರೂಪಗಳನ್ನು ಇದೆಯೆಂದು ಧೈರ್ಯವಾಗಿ ಕೊಡಬಲ್ಲದು. ಇಲ್ಲದ ಉದಾಹರಣೆಯ ಮೇಲೆ ನಿಂತ ವಾದ ಮೊದಲ ಪ್ರಶ್ನೆಗೇ ಬೀಳುತ್ತದೆ.

ಕೆಲಸ ಸಿಗುತ್ತದೆಯೇ?

ಪದವಿಯ ಹೆಸರಿನಲ್ಲೇ ಇರುವ ಹುದ್ದೆಗಳು ಕಡಿಮೆ, ಹೆಚ್ಚಾಗಿ ಬೋಧನೆ ಮತ್ತು ಸಂಶೋಧನೆ. ಮಾತು ಗುರುತಿಸುವ ತಂತ್ರಾಂಶ, ನಿಘಂಟು, ಭಾಷಾಬೋಧನೆ, ದತ್ತಾಂಶ ಗುರುತು ಹಾಕುವ ಕೆಲಸಗಳಲ್ಲಿ ಬೇಡಿಕೆ ಇದೆ, ಜತೆಗೆ ಪ್ರೋಗ್ರಾಮಿಂಗ್ ಬಂದರೆ ಜಾಸ್ತಿ. ವಾಕ್ ಚಿಕಿತ್ಸೆಗೆ ಮಾತ್ರ ಈ ಪದವಿ ಸಾಲದು. ಅದಕ್ಕೆ ಪ್ರತ್ಯೇಕ ಚಿಕಿತ್ಸಾ ತರಬೇತಿ, ಪರವಾನಗಿ ಬೇಕು.

ಸೇರುವ ಮುನ್ನ ನನಗಿದು ಹಿಡಿಸುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಅಂತರರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡ್ 2003ರಿಂದ ನಡೆಯುತ್ತಿದೆ. ಹಳೆಯ ಪ್ರಶ್ನೆಗಳೂ ಉತ್ತರಗಳೂ ಉಚಿತವಾಗಿ ಸಿಗುತ್ತವೆ, ಪೂರ್ವಜ್ಞಾನ ಬೇಕಿಲ್ಲ. ಎರಡು ಸಮಸ್ಯೆ ತೆಗೆದುಕೊಂಡು ಉತ್ತರ ನೋಡದೆ ತಲಾ ಒಂದೂವರೆ ಗಂಟೆ ಕೂತು ನೋಡಿ. ಬಿಡಿಸಲಾಗದಿದ್ದರೆ ಚಿಂತೆಯಿಲ್ಲ, ಅವು ಕಷ್ಟದವೇ. ಆದರೆ ಗಡಿಯಾರ ನೋಡುತ್ತಲೇ ಆ ಹೊತ್ತು ಕಳೆದಿದ್ದರೆ ಬೇರೆ ವಿಷಯಗಳ ಅರ್ಜಿಯನ್ನೂ ತುಂಬಿಡಿ.